ನಾಲ್ಕು ಗಂಟೆ ಚಾ

ಹೋದ ಸಲ ಮುರುಗಲು ಸಿಪ್ಪೆ ಒಣಗಿಸೂದರ ಬಗ್ಗೆ ಬರೆದಾಗ ನಮ್ಮ ಅತ್ತೆಯ ಮಾತು ಬಂದಿತ್ತು. ಹಣ್ಣು ಬಿಡಿಸೂಕೆ ಅವರ ಜೊತೆ ಇನ್ನೂ ಮೂರು ಜನ ಜಗಲಿ ಮೇಲೆ ಕೂತ್ಕೊಳ್ತಿದ್ರು ಅಂತ ಬರೆದಿದ್ದೆ. ಆ ಮೂರು ಜನ ಆಮೇಲೆ ಎಲ್ಲಿ ಹೋದ್ರು ಅಂತ ಒಬ್ರು ಕೇಳಿದ್ರು. ಅದನ್ನು ಹೇಳೂಕೆ ಹೋದ್ರೆ ಅಡುಗೆಮನೆ ಮಾತಲ್ಲಿ ಮುಗಿಯೂದಿಲ್ಲ, ನಮ್ಮ ಕಾರವಾರ-ಅಂಕೋಲೆಯ ನಲವತ್ತು ವರ್ಷದ ಚರಿತ್ರೆ ಹೇಳ್ಬೇಕಾಗ್ತದೆ. ಜೊತೆಗೆ ನಾನು ಮಾಡಿದ ಒಂದು ತಪ್ಪನ್ನೂ ಹೇಳ್ಬೇಕಾಗ್ತದೆ. ಆಗಲಿ, ಇವತ್ತು ಹೇಳಿಬಿಡ್ತೇನೆ.

ನಾನು ಅಂಕೋಲೆಯವಳು. ಅಲ್ಲೇ ಪಿಯುಸಿ ಮುಗಿಸಿ, 1991ರಲ್ಲಿ ಮದುವೆಯಾಗಿ ಕಾರವಾರ ತಾಲೂಕಿನ ಅರಗಾಕ್ಕೆ ಬಂದೆ. ಮನೆ ಎದುರು ಗದ್ದೆ, ಗದ್ದೆ ಆಚೆ ತೆಂಗಿನ ತೋಟ, ಅದರಾಚೆ ಸಮುದ್ರ. ಕಂಪೌಂಡು, ಗೇಟು ಅಂತ ಯಾರ ಮನೆಗೂ ಇರ್ಲಿಲ್ಲ. ಮಧ್ಯಾಹ್ನ ನಾಲ್ಕು ಗಂಟೆಗೆ ಅತ್ತೆ ಚಾಕ್ಕೆ ನೀರಿಡೂದೇ ತಡ, ಜಗಲಿಯಲ್ಲಿ ಮೂರು ಜನ ಹಾಜರು. ಬಾವಿಮನೆ ಅಕ್ಕ, ಮೂಲೆಮನೆ ಅತ್ಗೆ, ಮತ್ತೆ ಮೀನು ಮಾರಿ ಮುಗಿಸಿ ಖಾಲಿ ಬುಟ್ಟಿ ತಕೊಂಡು ಬರ್ತಿದ್ದ ಬಾಯಿ. ಬಾಯಿಯದ್ದು ಕೊಂಕಣಿ, ಉಳಿದವರದ್ದು ಕನ್ನಡ, ಜಗಳ ಎರಡರಲ್ಲೂ. ಮಾತಾಡ್ತಾ ಕೈಯಲ್ಲಿ ಏನಾದ್ರೂ ಕೆಲಸ ಇದ್ದೇ ಇರ್ತಿತ್ತು. ಮಡ್ಲು ಹೆಣೆಯೂದು, ಹುಣಸೆಹಣ್ಣು ಬಿಡಿಸೂದು, ಅಕ್ಕಿ ಆರಿಸೂದು. ಕವಳ ಹಾಕಿ, ದೀಪ ಹಚ್ಚೂ ಹೊತ್ತಿಗೆ ಎದ್ದು ಹೋಗ್ತಿದ್ರು. ದೊಡ್ಡ ಸುಖ-ದುಃಖದ ಮಾತೇನೂ ಇಲ್ಲ. ಯಾರ ದನ ಕರು ಹಾಕ್ತು, ಯಾರ ಮಗನ ಮನಿಯಾರ್ಡರ್ ಬಂತು, ಅಷ್ಟೇ. 1994ರಲ್ಲಿ ಮಾವ ತೀರಿಕೊಂಡ ಮೇಲೂ ಹದಿನಾಲ್ಕನೇ ದಿನಕ್ಕೆ ಆ ಮೂರು ಜನ ನಾಲ್ಕು ಗಂಟೆಗೆ ಬಂದು ಕೂತಿದ್ರು. ಅತ್ತೆ ಚಾಕ್ಕೆ ನೀರಿಟ್ರು.

ಊರು ಬಿಟ್ಟು ಹೋಗೂದು ನಮ್ಮ ಜಿಲ್ಲೆಗೆ ಹೊಸದಲ್ಲ. 1862ರಿಂದ 1956ರವರೆಗೆ ಉತ್ತರ ಕನ್ನಡ ಮುಂಬೈ ಆಡಳಿತಕ್ಕೆ ಸೇರಿತ್ತು. ಹಾಗಾಗಿ ಕೆಲಸ ಅಂದ್ರೆ ಮುಂಬೈ. ಪ್ರತಿ ಮನೆಯಿಂದ ಒಬ್ಬ ಹುಡುಗ ಅಲ್ಲಿ ಇದ್ದೇ ಇರ್ತಿದ್ದ. ಆಮೇಲೆ ಗೋವಾ, ಗಲ್ಫು, ಈಗ ಬೆಂಗಳೂರು. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿ ಶುರುವಾದ ಮೇಲೆ ಹೋಗೂದು ಇನ್ನೂ ಸಲೀಸು. ಆದ್ರೆ ಅದೆಲ್ಲ ಒಬ್ಬೊಬ್ಬರಾಗಿ ಹೋಗೂದು. ಮಗ ಹೋದ ಮನೆಯ ತಾಯಿಗೆ ನೆರೆಮನೆ ಇತ್ತು, ಬಾವಿಕಟ್ಟೆ ಇತ್ತು, ಜಾತ್ರೆ ಇತ್ತು. ಸೀಬರ್ಡಿನಲ್ಲಿ ಮಾತ್ರ ಊರಿಗೆ ಊರೇ ಎದ್ದು ಹೋಯ್ತು.

ಸೀಬರ್ಡ್ ನೌಕಾನೆಲೆಗೆ ಪ್ರಧಾನಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ದು 1986ರ ಅಕ್ಟೋಬರ್ 24ಕ್ಕೆ. ನಾನು ಸೊಸೆಯಾಗಿ ಬರೂ ಹೊತ್ತಿಗೆ ಅದಾಗಿ ಐದು ವರ್ಷ. ಊರು ಹೋಗ್ತದೆ ಅಂತ ಎಲ್ರಿಗೂ ಗೊತ್ತು, ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ಹಂಚು ಬದಲಿಸೂದೋ ಬೇಡವೋ, ತೆಂಗಿನ ಸಸಿ ನೆಡೂದೋ ಬೇಡವೋ ಅಂತ ವರ್ಷಗಟ್ಟಲೆ ಅದೇ ಮಾತು. ಕಾರವಾರ ಮತ್ತೆ ಅಂಕೋಲಾ ತಾಲೂಕಿನ 13 ಊರುಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬ ಎದ್ದು ಹೋಗ್ಬೇಕಾಯ್ತು. ನಾವು ಎದ್ದದ್ದು 1999ರಲ್ಲಿ, ಮಳೆಗಾಲ ಮುಗಿದ ಮೇಲೆ. 2005ರ ಮೇ 31ಕ್ಕೆ ಐಎನ್‌ಎಸ್ ಕದಂಬ ಅಂತ ನೌಕಾನೆಲೆ ಉದ್ಘಾಟನೆ ಆಯ್ತು. ದೇಶಕ್ಕೆ ಅದು ಬೇಕು, ಅದರಲ್ಲಿ ನಂಗೆ ತಕರಾರಿಲ್ಲ. ನಾನು ಹೇಳೂದು ಬೇರೆ ವಿಷಯ.

ಭೂಮಿಗೆ ಲೆಕ್ಕ ಇತ್ತು, ಮನೆಗೆ ಲೆಕ್ಕ ಇತ್ತು, ತೆಂಗಿನಮರ ಮಾವಿನಮರಕ್ಕೂ ಲೆಕ್ಕ ಇತ್ತು. ಪರಿಹಾರ ಕಡಿಮೆಯಾಯ್ತು ಅಂತ ಕೋರ್ಟಿಗೆ ಹೋಗಿ ವರ್ಷಗಟ್ಟಲೆ ಕಾದದ್ದೂ ಆಯ್ತು. ನಾಲ್ಕು ಗಂಟೆ ಚಾಕ್ಕೆ ಮಾತ್ರ ಯಾವ ಕಾಗದದಲ್ಲೂ ಕಾಲಂ ಇರ್ಲಿಲ್ಲ. ಮೀನುಗಾರರಿಗೆ ಕಡಲು ಬೇಕು ಅಂತ ಹಾರವಾಡ, ಮುದಗಾ, ಚಿತ್ತಾಕುಲಾದಂಥ ಕಡೆ ಜಾಗ ಕೊಟ್ರು. ಅದು ಸರಿಯೇ. ಆದ್ರೆ ಅಲ್ಲಿಗೆ ಬಾಯಿ ಹಾರವಾಡಕ್ಕೆ, ನಾವು ತೋಡೂರು ಕಾಲೋನಿಗೆ. ಮೂಲೆಮನೆ ಅತ್ಗೆ ಪರಿಹಾರದ ದುಡ್ಡು ತಕೊಂಡು ಮಗನ ಹತ್ರ ಮುಂಬೈಗೆ. ಬಾವಿಮನೆ ಅಕ್ಕ ಅಂಕೋಲೆ ಬದಿಗೆ ಮಗಳ ಮನೆಗೆ, ಎರಡೇ ವರ್ಷದಲ್ಲಿ ಅಲ್ಲೇ ತೀರಿಕೊಂಡ್ರು. ನಮ್ಮ ಮನೇಲೂ ದುಡ್ಡು ಬಂದದ್ದೇ ಅಣ್ಣ-ತಮ್ಮಂದಿರ ಮಾತು ನಿಂತುಹೋಯ್ತು. ಅತ್ತೆಗೆ ದೊಡ್ಡ ಮಗನ ಮನೆ ಹೊಸಿಲೂ ತಪ್ಪಿತು.

ಹೊಸ ಮನೆ ಆರ್‌ಸಿಸಿ. ಒಳಗೇ ನಲ್ಲಿ, ಒಳಗೇ ಬಚ್ಚಲು, ಕಂಪೌಂಡು, ಕಬ್ಬಿಣದ ಗೇಟು. ನಂಗಂತೂ ಬಾವಿಯಿಂದ ನೀರು ಸೇದೂದು ತಪ್ತಲ್ಲ ಅಂತ ಖುಷಿ. ಆಗ ಮನೇಲಿ ಆರು ಜನ. ನಾವಿಬ್ರು, ಇಬ್ರು ಮಕ್ಕಳು, ಅತ್ತೆ, ಮದುವೆಯಾಗದ ಮೈದುನ. ಅತ್ತೆ ಮಾತ್ರ ನಾಲ್ಕು ಗಂಟೆಗೆ ಸರಿಯಾಗಿ ಬಾಗಿಲಲ್ಲಿ ಕೂತು ಗೇಟು ನೋಡ್ತಿದ್ರು. ಮೊಣಕಾಲು ನೋವು ಅಂದ್ರು, ಹೊಟ್ಟೆಲಿ ಉರಿ ಅಂದ್ರು, ರಾತ್ರಿ ನಿದ್ದೆ ಇಲ್ಲ ಅಂದ್ರು. ಡಾಕ್ಟರ ಹತ್ರ ಕರ್ಕೊಂಡು ಹೋದ್ರೆ ವಯಸ್ಸಾಯ್ತಲ್ಲ ಅಂತ ಮಾತ್ರೆ ಕೊಟ್ಟು ಕಳಿಸ್ತಿದ್ರು. ಒಂದು ದಿವಸ ನಂಗೂ ತಾಳ್ಮೆ ಹೋಯ್ತು. "ಮನೆ ತುಂಬ ಜನ ಇದ್ದಾರಲ್ಲ ಅತ್ತೆ, ಟೀವಿ ಅದೆ, ಹೊತ್ತಿಗೆ ಸರಿಯಾಗಿ ಊಟ ಅದೆ. ಇನ್ನೆಂತ ಬೇಕು ನಿಮ್ಗೆ?" ಅಂದುಬಿಟ್ಟೆ.

ಅವರು ಬೈಲಿಲ್ಲ. "ನಂಗೆ ಎಂತದೂ ಬ್ಯಾಡ ಮಗಾ. ನನ್ನ ಸಣ್ಣಿದ್ದಾಗಿನ ಹೆಸರು ಹಿಡಿದು ಕರೂಕೆ ಇಲ್ಲಿ ಒಬ್ರೂ ಇಲ್ಲ ನೋಡು" ಅಂದ್ರು. ಆಮೇಲೆ ಒಂದು ವಾರ ಬಾಗಿಲಿಗೇ ಬರ್ಲಿಲ್ಲ. ಅವರಿಗೊಂದು ಸಣ್ಣಿದ್ದಾಗಿನ ಹೆಸರಿತ್ತು ಅಂತ, ಎಂಟೊಂಬತ್ತು ವರ್ಷ ಜೊತೆಗಿದ್ದ ನಂಗೆ ಅವತ್ತೇ ಗೊತ್ತಾದದ್ದು.

ಹಾಗಂತ ನಾನು ಬುದ್ಧಿ ಬಂದು ಏನೋ ಸರಿ ಮಾಡಿದೆ ಅಂದ್ಕೊಳ್ಬೇಡಿ. ಮುಂದೆ ಆದ ಎರಡು ಒಳ್ಳೇದೂ ತಾನಾಗೇ ಆದದ್ದು.

ಒಂದು, ಹಿಂದಿನ ಸಾಲಿನ ಮನೆಗೆ ಬಾಣಂತಿ ಬಂದ್ಲು. ಅವರೂ ಎದ್ದು ಬಂದವರೇ, ಆದ್ರೆ ಬೇರೆ ಊರಿನವರು. ಕೂಸನ್ನು ಮೀಸೂಕೆ ಗೊತ್ತಿದ್ದವರು ಅವರಲ್ಲಿ ಯಾರೂ ಇರ್ಲಿಲ್ಲ. ಹುಡುಗಿಯ ತಾಯಿ ಬಂದು ಅತ್ತೆಯನ್ನು ಕೇಳಿದ್ರು. ಅತ್ತೆ ಮೊದಲು ಒಪ್ಪಲೇ ಇಲ್ಲ. "ಅವ್ಕೆ ನಾ ಎಂತಕ್ಕೆ? ನನ್ನ ಕೈ ನಡುಗ್ತದೆ. ಕೂಸಿಗೆ ಏನಾದ್ರೂ ಆದ್ರೆ ನಾಳೆ ನನ್ನನ್ನೇ ಅಂತಾರೆ" ಅಂದ್ರು. ಆಕೆ ಮರುದಿವಸ ಮತ್ತೆ ಬಂದ್ರು, ಮೂರನೇ ದಿವಸ ಕೂಸನ್ನೇ ಎತ್ತಿಕೊಂಡು ಬಂದ್ರು. ಅತ್ತೆ ಎದ್ದ್ರು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಹಾಕ್ಕೊಂಡು ಎಣ್ಣೆ ತಿಕ್ಕಿ ಮೀಸಿದ್ರು. ಆಮೇಲೆ ಎಂಟು ಹತ್ತು ವರ್ಷ ಕಾಲೋನಿಯ ಎಷ್ಟೋ ಕೂಸುಗಳು ಅವರ ಕಾಲ ಮೇಲೆ ಮಿಂದಿದ್ದಾವೆ. ಮೊಣಕಾಲು ನೋವು ಹೋಯ್ತು ಅಂತ ನಾನು ಹೇಳೂದಿಲ್ಲ. ನೋವಿನ ಮಾತು ಕಡಿಮೆ ಆಯ್ತು.

ಇನ್ನೊಂದು, 2006ರಲ್ಲಿ ಒಂದು ಮದುವೆ ಊಟದ ಪಂಕ್ತಿಯಲ್ಲಿ ಬಾಯಿ ಸಿಕ್ಕಿದ್ರು. ಏಳು ವರ್ಷ ಆಗಿತ್ತು ನೋಡದೆ. ತೋಡೂರಿಗೂ ಹಾರವಾಡಕ್ಕೂ ಹೆದ್ದಾರಿಯಲ್ಲಿ ಬಸ್ಸು ಹತ್ತಿದ್ರೆ ಅರ್ಧ ಗಂಟೆ ದಾರಿಯೂ ಅಲ್ಲ. ಯಾರೂ ಬೇಕಂತ ದೂರ ಮಾಡಿದ್ದಲ್ಲ. ಇಬ್ರಿಗೂ ಒಬ್ರೇ ಬಸ್ಸು ಹತ್ತೂಕೆ ಹೆದರಿಕೆ, ಕರ್ಕೊಂಡು ಹೋಗಿ ಅಂತ ಮಕ್ಕಳನ್ನು ಕೇಳೂಕೆ ಸಂಕೋಚ, ಬಸ್ಸಿನ ದುಡ್ಡು ಕೇಳೂಕೂ ಸಂಕೋಚ. ಅಷ್ಟರಿಂದಲೇ ಏಳು ವರ್ಷ ಹೋಯ್ತು. ಬಾಯಿ ಊಟದ ಎಲೆ ಮುಂದೆ ಅತ್ತೆಯನ್ನು ಆ ಸಣ್ಣಿದ್ದಾಗಿನ ಹೆಸರಿಂದಲೇ ಕರೆದ್ರು. ಅತ್ತೆ ಅಳ್ತಾ ನಗ್ತಾ ಊಟ ಮಾಡಿದ್ರು. ಅವತ್ತಿಂದ ತಿಂಗಳಿಗೆ ಎರಡು ಸಲ ನಾನೇ ಬಸ್ಸಲ್ಲಿ ಕರ್ಕೊಂಡು ಹೋಗಿ, ಸಂಜೆ ವಾಪಸ್ ಕರ್ಕೊಂಡು ಬರ್ತಿದ್ದೆ. ನಾನು ತಿಳಿದು ಮಾಡಿದ್ದು ಇದೊಂದೇ.

ಇದಕ್ಕೆಲ್ಲ ಹೆಸರಿದೆ, ದೊಡ್ಡ ದೊಡ್ಡವರು ಇದನ್ನೇ ಕೂತು ಓದಿದ್ದಾರೆ ಅಂತ ಗೊತ್ತಾದದ್ದು 2015ರಲ್ಲಿ, ಮಗಳು ಧಾರವಾಡದಲ್ಲಿ ಎಂಎಸ್‌ಡಬ್ಲ್ಯೂ ಓದುವಾಗ. ರಜೆಗೆ ಬಂದವಳು ಅಜ್ಜಿಯ ಎದುರು ನೋಟ್ಸು ಹಿಡಿದು ಕೂತು ಮೂರು ಪ್ರಶ್ನೆ ಕೇಳಿದ್ಲು. ಜೊತೆಗೆ ಯಾರೂ ಇಲ್ಲ ಅಂತ ಎಷ್ಟು ಸಲ ಅನ್ನಿಸ್ತದೆ? ನನ್ನನ್ನು ಬಿಟ್ಟುಬಿಟ್ರು ಅಂತ ಎಷ್ಟು ಸಲ? ಎಲ್ಲರಿಂದ ದೂರ ಉಳಿದೆ ಅಂತ ಎಷ್ಟು ಸಲ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ರಸೆಲ್, ಪೆಪ್ಲಾ, ಫರ್ಗುಸನ್ ಅನ್ನುವವರು ಒಂಟಿತನ ಅಳೆಯೂಕೆ ಇಪ್ಪತ್ತು ಮಾತಿನ ಅಳತೆಗೋಲು ಮಾಡಿದ್ರಂತೆ. ಅದನ್ನೇ 2004ರಲ್ಲಿ ಮೂರು ಪ್ರಶ್ನೆಗೆ ಇಳಿಸಿದ್ದು. "ಎಷ್ಟು ಜನ ಮನೇಲಿದ್ದಾರೆ ಅಂತ ಇದ್ರಲ್ಲಿ ಕೇಳೂದೇ ಇಲ್ವಲ್ಲ" ಅಂದೆ. "ಅದೇ ಅಮ್ಮ ವಿಷಯ" ಅಂದ್ಲು ಮಗಳು. "ಒಬ್ರೇ ಇರೂದು ಬೇರೆ, ಒಂಟಿತನ ಬೇರೆ."

ಆಮೇಲೆ ಅವಳು ಲಂಡನ್ನಿನ ಒಂದು ಕಥೆ ಹೇಳಿದ್ಲು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಬೆಥ್ನಲ್ ಗ್ರೀನ್ ಅನ್ನೂ ಬಡವರ ಕೇರಿ. ಒಂದಕ್ಕೊಂದು ತಾಗಿಕೊಂಡ ಹಳೇ ಮನೆಗಳು. ಸರ್ಕಾರ ಅಲ್ಲಿಯ ಜನರಿಗೆ ಊರ ಹೊರಗೆ ಹೊಸ ಬಡಾವಣೆಯಲ್ಲಿ ಒಳ್ಳೊಳ್ಳೆ ಮನೆ ಕೊಡ್ತು. ಮೈಕೆಲ್ ಯಂಗ್ ಮತ್ತೆ ಪೀಟರ್ ವಿಲ್ಮಾಟ್ ಎರಡೂ ಕಡೆ ಹೋಗಿ ವಿಚಾರಿಸಿ 1957ರಲ್ಲಿ ಪುಸ್ತಕ ಬರೆದ್ರು. ಹೊಸ ಮನೆ ಒಳ್ಳೇದೇ, ಆದ್ರೆ ತಾಯಿ-ಮಗಳು, ನೆರೆಹೊರೆ ದೂರ ಆದ್ರು, ಬಾಗಿಲು ಮುಚ್ಚಿಕೊಂಡ್ವು ಅಂತ. ನಂಗೆ ಮೈ ಜುಂ ಅಂತು. ಅರಗಾದ ಹೆಸರೊಂದಿಲ್ಲ, ಉಳಿದದ್ದೆಲ್ಲ ನಮ್ಮದೇ. ನಾವು ಗಂಟುಮೂಟೆ ಕಟ್ಟೂದಕ್ಕೆ ನಲವತ್ತೆರಡು ವರ್ಷ ಮೊದಲೇ ಇದು ಪುಸ್ತಕದಲ್ಲಿತ್ತು.

ಅದೇ 1957ರಲ್ಲಿ, ಅದೇ ಕೇರಿಯ 203 ಮುದುಕ-ಮುದುಕಿಯರನ್ನು ಮಾತಾಡಿಸಿ ಪೀಟರ್ ಟೌನ್‌ಸೆಂಡ್ ಇನ್ನೊಂದು ಪುಸ್ತಕ ಬರೆದ್ರು. ಅವರು ಕಂಡದ್ದು, ಮೊದಲಿಂದಲೂ ಒಬ್ರೇ ಇದ್ದವರಿಗೆ ಅಷ್ಟು ಒಂಟಿ ಅನ್ನಿಸೂದಿಲ್ಲ. ಇದ್ದ ಒಬ್ರನ್ನು ಕಳ್ಕೊಂಡವರಿಗೆ ಅನ್ನಿಸ್ತದೆ, ಗಂಡನೋ ಹೆಂಡತಿಯೋ, ದೂರ ಹೋದ ಮಗಳೋ. 1973ರಲ್ಲಿ ಅಮೆರಿಕದ ರಾಬರ್ಟ್ ವೈಸ್ ಒಂಟಿತನದಲ್ಲಿ ಎರಡು ನಮೂನೆ ಇದೆ ಅಂದ್ರು. ಒಂದು, ಮನಸ್ಸಿಗೆ ತೀರಾ ಹತ್ತಿರದ ಒಬ್ರು ಇಲ್ಲದ್ದು. ಇನ್ನೊಂದು, ನಮ್ಮವರು ಅನ್ನೂ ಗುಂಪು ಇಲ್ಲದ್ದು. ಒಂದರ ಜಾಗವನ್ನು ಇನ್ನೊಂದು ತುಂಬೂದಿಲ್ಲ. ಮಾವ ಹೋದಾಗ ಅತ್ತೆಗೆ ಮೊದಲನೇದು ಬಂತು, ಜಗಲಿ ಹೋದಾಗ ಎರಡನೇದು. ನಾವು ಐದು ಜನ ಸುತ್ತ ಕೂತು ಊಟ ಹಾಕಿದ್ರೂ ಅವೆರಡೂ ತುಂಬಿದ ಹಾಗೆ ಆಗ್ಲಿಲ್ಲ. ನಮ್ಮ ದೇಶದಲ್ಲಿ 2017-18ರಲ್ಲಿ 72 ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿ ಮಾಡಿದ ಲಾಸಿ ಸಮೀಕ್ಷೆ ಅಂತ ಇದೆ. ಅದರ ಪ್ರಕಾರ 60 ದಾಟಿದವರಲ್ಲಿ ಪೂರ್ತಿ ಒಬ್ರೇ ವಾಸ ಮಾಡೂವರು ನೂರಕ್ಕೆ ಆರರಷ್ಟು ಮಾತ್ರ. ಒಂಟಿತನ ಅಂದ್ರೆ ಅವರದ್ದು ಮಾತ್ರ ಅಂದ್ಕೊಂಡ್ರೆ, ಮನೆಯೊಳಗೇ ಬಾಗಿಲಲ್ಲಿ ಕೂತವರು ನಮ್ಮ ಕಣ್ಣಿಗೆ ಬೀಳೂದೇ ಇಲ್ಲ.

ಇದು ಬರೀ ಬೇಜಾರಿನ ಮಾತೂ ಅಲ್ಲ. 2010ರಲ್ಲಿ ಜೂಲಿಯನ್ ಹೋಲ್ಟ್-ಲನ್‌ಸ್ಟಾಡ್ ಮತ್ತೆ ಜೊತೆಯವರು 148 ಅಧ್ಯಯನ ಒಟ್ಟು ಮಾಡಿ ನೋಡಿದ್ರು, ಮೂರು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ. ಒಳ್ಳೆ ಒಡನಾಟ ಇದ್ದವರು ಬದುಕಿ ಉಳಿಯೂ ಸಾಧ್ಯತೆ ಉಳಿದವರಿಗಿಂತ ನೂರಕ್ಕೆ ಐವತ್ತರಷ್ಟು ಹೆಚ್ಚು. 2023ರಲ್ಲಿ ಅಮೆರಿಕ ಸರ್ಕಾರದ ಸರ್ಜನ್ ಜನರಲ್ ಇದನ್ನು ಸಾಂಕ್ರಾಮಿಕ ರೋಗದ ಸಾಲಿಗೆ ಸೇರಿಸಿ ವರದಿ ಕೊಟ್ರು. ಅವರು ಯಾರು ಗೊತ್ತುಂಟಲ್ಲ, ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ. 2025ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಲೋಕದ ಆರು ಜನರಲ್ಲಿ ಒಬ್ರಿಗೆ ಒಂಟಿತನ ಕಾಡ್ತದೆ ಅಂತ ಹೇಳ್ತು. ನಮ್ಮ ಆಡುಮಾತಲ್ಲಿ ಒಂಟಿತನ ಅನ್ನೂ ಶಬ್ದವೇ ಬಳಕೆಯಲ್ಲಿಲ್ಲ ನೋಡಿ. ಬ್ಯಾಸ್ರ ಅಂತಾರೆ, ಹೊತ್ತು ಹೋಗೂದಿಲ್ಲ ಅಂತಾರೆ, ಮೊಣಕಾಲು ನೋವು ಅಂತಾರೆ.

ಹಾಗಾದ್ರೆ ಕಡಿಮೆ ಮಾಡೂದು ಹೇಗೆ? ಮುದುಕರನ್ನೆಲ್ಲ ಒಂದು ಹಾಲಿನಲ್ಲಿ ಕೂರಿಸಿ ಭಜನೆ ಹಾಕಿದ್ರೆ ಆಯ್ತು ಅಂತ ನಾನೂ ಅಂದ್ಕೊಂಡಿದ್ದೆ. 2011ರಲ್ಲಿ ಷಿಕಾಗೋದ ಜಾನ್ ಕ್ಯಾಸಿಯೊಪ್ಪೊ ಮತ್ತೆ ಸಂಗಡಿಗರು ಅಲ್ಲಿಯವರೆಗೆ ಮಾಡಿದ ಪ್ರಯತ್ನಗಳನ್ನೆಲ್ಲ ಹೋಲಿಸಿ ನೋಡಿದ್ರು. ಜನರನ್ನು ಒಟ್ಟು ಸೇರಿಸೂದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು, ಒಂಟಿಯಾದವರ ಮನಸ್ಸಿನಲ್ಲಿ ಕೂತ ತಪ್ಪು ಲೆಕ್ಕವನ್ನು ಬಿಡಿಸೂದು. ಬಹಳ ಕಾಲ ಒಂಟಿಯಾಗಿದ್ದವರಿಗೆ 'ನಾನು ಯಾರಿಗೂ ಬೇಡ' ಅನ್ನೂದು ಖಾತ್ರಿ ಆಗಿಬಿಟ್ಟಿರ್ತದೆ. ಕರೆದ್ರೂ ಬರೂದಿಲ್ಲ. ಮಗಳು ಇದನ್ನು ಓದಿ ಹೇಳುವಾಗ ನಂಗೆ ಅತ್ತೆಯ "ಅವ್ಕೆ ನಾ ಎಂತಕ್ಕೆ" ಕಿವಿಯಲ್ಲಿ ಕೇಳ್ತು. ಆ ಬಾಣಂತಿಯ ತಾಯಿ ಮೊದಲನೇ ಸಲಕ್ಕೇ ಬಿಟ್ಟುಹೋಗಿದ್ರೆ?

ಜಿಂಬಾಬ್ವೆ ದೇಶದಲ್ಲಿ ಡಿಕ್ಸನ್ ಚಿಬಾಂಡ ಅನ್ನೂ ಮನೋವೈದ್ಯರು 2006ರಿಂದ ಒಂದು ಕೆಲಸ ನಡೆಸಿದ್ದಾರೆ. ಆಸ್ಪತ್ರೆಯ ಅಂಗಳದಲ್ಲಿ ಮರದ ಬೆಂಚು, ಬೆಂಚಿನ ಮೇಲೆ ತರಬೇತಿ ಪಡೆದ ಅಜ್ಜಿಯರು. ಮನಸ್ಸು ಕುಗ್ಗಿದವರು ಬಂದು ಅಜ್ಜಿಯ ಪಕ್ಕ ಕೂತು ಮಾತಾಡ್ತಾರೆ. ಅವರ ಭಾಷೆಯಲ್ಲೂ ಕಾಯಿಲೆಗೆ ದೊಡ್ಡ ಹೆಸರಿಲ್ಲ, 'ಬಹಳ ಯೋಚನೆ ಮಾಡೂದು' ಅಂತಾರಂತೆ. ಬಂದವರಿಗೆ ಗುಣ ಕಾಣ್ತದೆ ಅಂತ 2016ರಲ್ಲಿ ಪ್ರಕಟವಾದ ಪರೀಕ್ಷೆ ತೋರಿಸ್ತು. ನಂಗೆ ಇಷ್ಟವಾದದ್ದು, ಅಲ್ಲಿ ಅಜ್ಜಿಯೇ ಕೊಡುವವಳು. ನಮ್ಮ ಅಂಕೋಲೆಯಲ್ಲೇ ನೋಡಿ, ಬಡಗೇರಿಯ ಸುಕ್ರಿ ಬೊಮ್ಮಗೌಡರ ಹತ್ರ ಹಾಲಕ್ಕಿ ಹಾಡು ಕೇಳಿಕೊಂಡು ಜನ ಬರ್ತಿದ್ರು, ಹೊನ್ನಳ್ಳಿಯ ತುಳಸಿ ಗೌಡರ ಹತ್ರ ಗಿಡ-ಬೀಜದ ಮಾತು ಕೇಳಿಕೊಂಡು. ಇಬ್ರಿಗೂ ಪದ್ಮಶ್ರೀ ಬಂತು, ತುಳಸಿ ಅಜ್ಜಿ 2024ರ ಡಿಸೆಂಬರ್‌ನಲ್ಲಿ, ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ ಹೋದ್ರು. ಅವರ ಮನಸ್ಸಿನೊಳಗೆ ಎಂತ ಇತ್ತು ಅಂತ ನಾನು ಹೇಳೂಕಾಗೂದಿಲ್ಲ. ಆದ್ರೆ ಕಡೆವರೆಗೂ 'ನಿಮ್ಮಿಂದ ಒಂದು ಬೇಕಿತ್ತು' ಅಂತ ಯಾರೋ ಬಾಗಿಲಿಗೆ ಬರ್ತಿದ್ರು. ಪದ್ಮಶ್ರೀ ಎಲ್ರಿಗೂ ಬರೂದಿಲ್ಲ. ಕೂಸು ಮೀಸೂಕೆ ಬನ್ನಿ, ಉಪ್ಪಿನಕಾಯಿಗೆ ಉಪ್ಪು ಸರಿಯಾಯ್ತಾ ನೋಡಿ ಅಂತ ಯಾರು ಬೇಕಾದ್ರೂ ಕರೀಬಹುದು.

ಅತ್ತೆ 2018ರಲ್ಲಿ ಹೋದ್ರು. ಬಾಯಿ ಬಂದು ತಲೆ ಹತ್ರ ಕೂತು ಅದೇ ಹೆಸರು ಹಿಡಿದು ಕರೆದ್ರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆಯ್ತು. ನಮ್ಮ ಕಾಲೋನಿಯ ಮುದುಕಿಯರು ಆಧಾರ್ ಕಾರ್ಡು ಹಿಡ್ಕೊಂಡು ಇಬ್ಬಿಬ್ರಾಗಿ ಹಳೇ ನೆರೆಯವರನ್ನು ಹುಡುಕಿ ಹೋಗೂದು ನೋಡಿದಾಗ, ಇದು ಆ ಏಳು ವರ್ಷದಲ್ಲಿ ಇದ್ದಿದ್ರೆ ಅನ್ನಿಸ್ತದೆ.

ಈಗ ನಂಗೂ ಐವತ್ತಾರು. ಮಗ ಬೆಂಗಳೂರು, ಮಗಳು ಪುಣೆ. ಮನೇಲಿ ನಾವಿಬ್ರೇ. ಹೋದ ದೀಪಾವಳಿ ಆದ ಮೇಲೆ ಒಂದು ದಿವಸ ಫೋನಲ್ಲಿ ಸ್ವಲ್ಪ ಬೇಜಾರು ತೋಡಿಕೊಂಡೆ. "ದಿನಾ ವಿಡಿಯೋ ಕಾಲ್ ಮಾಡ್ತೇವಲ್ಲ ಅಮ್ಮ, ಇನ್ನೆಂತ ಬೇಕು ನಿಂಗೆ?" ಅಂದ ಮಗ. ಸಿಟ್ಟಲ್ಲಿ ಅಂದದ್ದಲ್ಲ. ನಾನೂ ಅವತ್ತು ಅತ್ತೆಗೆ ಕೆಟ್ಟ ಮನಸ್ಸಿಂದ ಅಂದದ್ದಲ್ಲ. ಫೋನಿಟ್ಟು ಬಾಗಿಲಿಗೆ ಬಂದು ನೋಡಿದ್ರೆ ಗೇಟು ಮುಚ್ಚಿತ್ತು. ಗಂಟೆ ನಾಲ್ಕಾಗಿತ್ತು.

ಮರುದಿವಸದಿಂದ ನಾಲ್ಕು ಗಂಟೆಗೆ ಗೇಟು ತೆಗೆದಿಡ್ತೇನೆ. ಹಳೇ ಬೆಂಚೊಂದನ್ನು ಹೊರಗೆ ಹಾಕಿದೆ. ಮೊದಲ ವಾರ ಯಾರೂ ಬರ್ಲಿಲ್ಲ, ನಾಯಿ ಬಂದು ಮಲಗ್ತು. ಎರಡನೇ ವಾರ ಎದುರು ಸಾಲಿನ ಅಜ್ಜಿಗೆ, ನಂಗೆ ಮಡ್ಲು ಹೆಣೆಯೂದು ಮರ್ತುಹೋಗಿದೆ, ಕಲಿಸ್ತೀರಾ ಅಂತ ಕೇಳಿದೆ. ಅವರಿಗೆ ಎಂಬತ್ತರ ಮೇಲೆ. "ಈಗಿನ ಕಾಲಕ್ಕೆ ಅದೆಂತಕ್ಕೆ, ನಾ ಬರೂದಿಲ್ಲ" ಅಂದ್ರು. ಮೂರು ಸಲ ಕೇಳ್ಬೇಕು ಅಂತ ನಂಗೆ ಗೊತ್ತಿತ್ತಲ್ಲ, ಮೂರನೇ ಸಲಕ್ಕೆ ಬಂದ್ರು. ಈಗ ನಾವು ನಾಲ್ಕು ಜನ ಆಗಿದ್ದೇವೆ. ಅವರಲ್ಲೊಬ್ರಿಗೆ ಕೊಂಕಣಿ ಬಿಟ್ಟು ಬೇರೆ ಬರೂದಿಲ್ಲ, ನಂಗೆ ಕೊಂಕಣಿ ಅರ್ಧಂಬರ್ಧ. ಜಗಳ ಇನ್ನೂ ಶುರುವಾಗ್ಲಿಲ್ಲ, ಆಗ್ತದೆ.

ನಿಮ್ಮ ಬದಿಯಲ್ಲೂ ಗೇಟಿನ ಹಿಂದೆ ಯಾರಾದ್ರೂ ಕೂತಿರ್ತಾರೆ. ಊಟ ಆಯ್ತಾ ಅಂತ ಕೇಳೂದರ ಜೊತೆ, ಅವರಿಂದ ಏನಾದ್ರೂ ಒಂದು ಕೇಳಿ. ಒಲ್ಲೆ ಅಂದ್ರೆ ಮರುದಿವಸ ಮತ್ತೆ ಕೇಳಿ. ಆಗೂದಾದ್ರೆ ಅವರ ಸಣ್ಣಿದ್ದಾಗಿನ ಹೆಸರೇನು ಅಂತಲೂ ವಿಚಾರಿಸಿ. ನಾಲ್ಕಾಗ್ತಾ ಬಂತು, ನಾನು ಚಾಕ್ಕೆ ನೀರಿಡೂಕೆ ಹೋಗ್ತೇನೆ.